ಡ್ರಮ್ಮಿಗೆ ಕಟ್ಟಿದ ಬಟ್ಟೆ

ಡ್ರಮ್ಮಿನ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದವಳು ನಾನು. ನನ್ನ ವಾರಗಿತ್ತಿ ಅಂಜಿನಮ್ಮ ಅಲ್ಲ. ಅವಳು ಜತನದಿಂದ ಮುಚ್ಚಿಟ್ಟು ಊರಿಗೆ ಹೋದ ಮಳೆನೀರನ್ನು ಕದ್ದವಳು ನಾನು, ತೆರೆದು ಬಿಟ್ಟವಳು ನಾನು, ಅದರಲ್ಲಿ ಹುಳು ಆಡುವುದನ್ನು ಕಂಡ ಮೇಲೂ ಸುಮ್ಮನೆ ಬಾಯಿ ಕಟ್ಟಿಟ್ಟವಳು ನಾನು. ಆಮೇಲೆ ಬೀದಿಯವರೆಲ್ಲ ಸುತ್ತುವರಿದು ಅವಳನ್ನು ಕೇಳುತ್ತಿದ್ದಾಗ ಒಂದೇ ಒಂದು ಸುಳ್ಳಿನಿಂದ ಅವಳನ್ನು ಆ ಮನೆಯಿಂದ ಹೊರಗೆ ಹಾಕಿದವಳೂ — ನಾನೇ.

ಇದನ್ನು ಓದಿ 'ಪಾಪ, ಕೊನೆಗಾದರೂ ಒಪ್ಪಿಕೊಂಡಳಲ್ಲ' ಎಂದು ಯಾರೂ ಮರುಗಬೇಕಾಗಿಲ್ಲ. ಅಂಥ ಮರುಕ ನನಗೆ ಬೇಡ. ಮೊದಲು ಪೂರ್ತಿ ಕೇಳಿ.

ಹಿಂದೂಪುರದಲ್ಲಿ ನಮ್ಮದು ಕೂಡುಮನೆ. ಮುಂಭಾಗದಲ್ಲಿ ನಾನು, ನನ್ನ ಗಂಡ, ಅತ್ತೆ. ಹಿಂದಿನ ಎರಡು ಕೋಣೆಗಳಲ್ಲಿ ಮೈದುನ ನಾಗರಾಜು, ಅವನ ಹೆಂಡತಿ ಅಂಜಿನಮ್ಮ, ಅವರ ಮಗಳು ಶೈಲಜ. ನಾನು ಅದೇ ಊರಿನವಳು. ಅಪ್ಪನಿಗೆ ಬಟ್ಟೆ ಅಂಗಡಿಯಿತ್ತು, ಆ ಅಂಗಡಿಯ ಹೆಸರು ಹೇಳಿಕೊಂಡೇ ನಾನು ಅರ್ಧ ಆಯುಷ್ಯ ಕಳೆದೆ. ಅಂಜಿನಮ್ಮ ಸೆಟ್ಟೂರಿನ ಕಡೆಯ ಹಳ್ಳಿಯವಳು. ಅವಳು ಮಾತಾಡಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಅಂಗಳ ತೊಳೆಯುತ್ತಿದ್ದಳು, ತನಗೆ ತಪ್ಪೆಂದು ಕಂಡದ್ದನ್ನು ಎದುರಿಗಿರುವವರು ಯಾರೆಂದು ನೋಡದೆ ಹೇಳುತ್ತಿದ್ದಳು. ಅವಳು ದೇವತೆಯೇನಲ್ಲ. ಮುಂಗೋಪಿ, ಜಗಳಗಂಟಿ. ಆದರೆ ನನಗೆ ಅವಳ ಮೇಲಿದ್ದದ್ದು ಸಿಟ್ಟಲ್ಲ, ತಾತ್ಸಾರ. ಅವಳು ನಮ್ಮ ಮನೆಗೆ ಬಂದ ಮೊದಲ ದಿನವೇ ಅವಳ ಬಿರುಕುಬಿಟ್ಟ ಹಿಮ್ಮಡಿ ನೋಡಿ — ಇಷ್ಟೇ ಇವಳು, ಎಂದುಕೊಂಡಿದ್ದೆ.

ನಮ್ಮೂರಲ್ಲಿ ಆಗ ನಲ್ಲಿಯಲ್ಲಿ ನೀರು ಬರುವ ದಿನವೆಂದರೆ ಕೆಲಸ ಬಿಟ್ಟು ಮನೆಯಲ್ಲಿರಬೇಕಾದ ದಿನ. ಬೋರಿನ ನೀರು ಉಪ್ಪು. ಪಾತ್ರೆಯ ತಳಕ್ಕೆ ಬಿಳಿಯ ಪದರ ಕಟ್ಟುತ್ತಿತ್ತು, ತಲೆಗೂದಲು ನಾರಾಗುತ್ತಿತ್ತು, ಬೇಳೆಯಂತೂ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಉಳ್ಳವರು ಟ್ಯಾಂಕರ್ ತರಿಸುತ್ತಿದ್ದರು. ನಮ್ಮ ಬಾಗಿಲಿಗೆ ಟ್ಯಾಂಕರ್ ಬಂದು ನಿಂತಾಗ ನಾನು ತಲೆ ಬಾಚಿಕೊಂಡು, ಒಳ್ಳೆಯ ಸೀರೆಯುಟ್ಟು ಹೊರಗೆ ಬಂದು ನಿಲ್ಲುತ್ತಿದ್ದೆ. ಈಗ ಬರೆಯುವಾಗ ನಗು ಬರುತ್ತದೆ. ಇಂಥ ನಗು ಯಾರಿಗೂ ಬರುವುದು ಬೇಡ.

ಅಂಜಿನಮ್ಮ ಎಣ್ಣೆ ಮಂಡಿಯಿಂದ ಮೂರು ಹಳೆಯ ನೀಲಿ ಡ್ರಮ್ಮು ಹೊರಿಸಿಕೊಂಡು ಬಂದಳು. ಬೂದಿ, ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ಜಿಡ್ಡು ತೆಗೆದು, ಬಚ್ಚಲಮನೆಯ ಹಿಂದಿನ ಸಂದಿಯಲ್ಲಿ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ನಾಗರಾಜು ಮಾಳಿಗೆಯ ನೀರು ಬೀಳುವ ದೋಣಿಗೆ ಪೈಪು ಕೂಡಿಸಿ ಡ್ರಮ್ಮಿಗೆ ಇಳಿಸಿದ. ತೀರಿಹೋದ ಮಾವನ ಹಳೆಯ ಪಂಚೆ ಹರಿದು, ಎರಡು ಮಡಿಕೆ ಮಾಡಿ ಅವಳು ಪ್ರತಿ ಡ್ರಮ್ಮಿನ ಬಾಯಿಗೂ ಹೊದಿಸಿ, ಸೈಕಲ್ ಟ್ಯೂಬಿನಿಂದ ಬಿಗಿದಳು. ಮೋಡ ಕಂಡರೆ ಸಾಕು, ಪೊರಕೆ ಹಿಡಿದು ಮಾಳಿಗೆಗೆ ಓಡುತ್ತಿದ್ದಳು. ಮೊದಲ ಮಳೆಯನ್ನು ಚರಂಡಿಗೆ ಬಿಟ್ಟು, ಆಮೇಲಿನದನ್ನು ಮಾತ್ರ ಡ್ರಮ್ಮಿಗೆ ತಿರುಗಿಸುತ್ತಿದ್ದಳು.

ಒಂದು ದಿನ ನಾನು ಮೆಣಸಿನಕಾಯಿ ಒಣಹಾಕಲು ಚಪ್ಪಲಿ ಮೆಟ್ಟಿಕೊಂಡು ಮಾಳಿಗೆ ಹತ್ತಿದೆ.

"ಅಕ್ಕ, ಚಪ್ಲಿ ಕೆಳಗೇ ಬುಟ್ಟು ಬಾ ಕಣಕ್ಕ. ನಾಳೆ ಕುಡಿಯೋ ನೀರಿದು," ಎಂದಳು.

ನನಗೆ ಹೇಳಿದಳು. ಬಟ್ಟೆ ಅಂಗಡಿಯವರ ಮಗಳಿಗೆ! ನಾನು ಚಪ್ಪಲಿಯಲ್ಲೇ ಮಾಳಿಗೆಯ ಈ ಮೂಲೆಯಿಂದ ಆ ಮೂಲೆಗೆ ನಡೆದು ಬಂದು, "ಕಾಗೆ ಹೇತ ನೀರು ನಿಮ್ಮೂರವರು ಕುಡೀಲಿ. ನಮ್ಮನೆ ಅಡಿಗೆಗೆ ಬೇಡ," ಎಂದೆ. ಅಂದು ಸಂಜೆಯೇ ಪಕ್ಕದ ಮನೆಯ ಪದ್ಮಾವತಮ್ಮನ ಮುಂದೆ ಅವಳಿಗೆ 'ಡ್ರಮ್ಮಮ್ಮ' ಎಂದು ಹೆಸರಿಟ್ಟೆ. ಪದ್ಮಾವತಮ್ಮ ಬಿದ್ದು ಬಿದ್ದು ನಕ್ಕಳು. ವಾರದೊಳಗೆ ಬೀದಿಗೆ ಬೀದಿಯೇ ಹಾಗೆ ಕರೆಯತೊಡಗಿತು. ನಮ್ಮ ಬೀದಿಯ ಹೆಂಗಸರಿಗೆ ಸ್ವಂತ ಬುದ್ಧಿಯಿರಲಿಲ್ಲ. ನಾನು ನಕ್ಕರೆ ನಗುತ್ತಿದ್ದರು, ನಾನು ಮೂಗು ಮುರಿದರೆ ಅವರೂ ಮುರಿಯುತ್ತಿದ್ದರು. ಅದನ್ನು ಗೌರವವೆಂದು ತಿಳಿದಿದ್ದ ನನಗೆ ಅವರಷ್ಟೂ ಬುದ್ಧಿಯಿರಲಿಲ್ಲ.

ಆದರೆ ಅತ್ತೆ ಮಾತ್ರ ನನ್ನ ಜೊತೆ ನಗಲಿಲ್ಲ. ಅತ್ತೆಗೆ ಆ ನೀರು ಹಿಡಿಸಿತು. ಮೊದಲು ಕಾಫಿಗೆ ಒಂದು ಚೊಂಬು ಕೇಳಿದರು, ಆಮೇಲೆ ತಲೆಗೆ ಹಾಕಿಕೊಳ್ಳಲು ಕೇಳಿದರು, ಆಮೇಲೆ ಊಟಕ್ಕೇ ಹಿಂದಿನ ಕೋಣೆಗೆ ಹೋಗತೊಡಗಿದರು. "ಅವಳ ಸಾರಲ್ಲಿ ಬೇಳೆ ಬೆಣ್ಣೆ ಆಗಿರ್ತದೆ ಕಣಮ್ಮ. ನಂಗೆ ಹಲ್ಲಿಲ್ಲ, ನಾನೇನ್ ಮಾಡ್ಲಿ," ಎಂದು ನನಗೇ ಹೇಳಿದರು. ಒಂದು ದಿನ ಬೆಳಗ್ಗೆ ಅಂಜಿನಮ್ಮ ಬಾಗಿಲಿಗೆ ಬಂದು, "ಅಕ್ಕ, ಬೇಳೆಗೆ ಒಂದು ಬಿಂದಿಗೆ ತಗೊಂಡೋಗು," ಎಂದು ಕರೆದಿದ್ದಳು ಕೂಡ. ನಾನು ಬಾಗಿಲು ಮುಂದೆ ಮಾಡಿಕೊಂಡಿದ್ದೆ.

ಆ ಮಧ್ಯಾಹ್ನವೇ — ಹೌದು, ಅದೇ ಮಧ್ಯಾಹ್ನ, ಅವಳು ಮಲಗಿದ್ದಾಗ — ನಾನು ಸಂದಿಗೆ ಹೋದೆ. ತೀರ ಮೂಲೆಯ ಡ್ರಮ್ಮನ್ನು ಅವಳು ಬೇಸಿಗೆಗೆಂದು ಮುಟ್ಟದೆ ಇಟ್ಟಿದ್ದಳು. ಅದರ ಬಟ್ಟೆ ಬಿಚ್ಚಿ ಒಂದು ಪಾತ್ರೆ ನೀರು ತೆಗೆದು, ಮತ್ತೆ ಕಟ್ಟಿ ಬಂದೆ. ನನ್ನ ಬೇಳೆ ಕರಗಿತು. ಅತ್ತೆ ಉಂಡು, "ಇವತ್ತು ನಿನ್ನ ಸಾರು ಚೆನ್ನಾಗೈತೆ ಕಣಮ್ಮ," ಎಂದರು. "ಅಂಗಡಿ ಬದಲಾಯಿಸಿದೆ ಅತ್ತೆ, ಇದು ಒಳ್ಳೆ ಬೇಳೆ," ಎಂದೆ. ನಾಚಿಕೆಯೇ ಆಗಲಿಲ್ಲ. ಗೆದ್ದೆ ಅನಿಸಿತು.

ಕೇಳಿದ್ದರೆ ಕೊಡುತ್ತಿದ್ದಳು. ಕೇಳುವುದಕ್ಕೆ ಬಾಯಿ ಬರಬೇಕಲ್ಲ. ಬಾಯಿ ಬರದವಳಿಗೆ ಕೈ ಮಾತ್ರ ಬರುತ್ತಿತ್ತು. ಎಷ್ಟು ಮಧ್ಯಾಹ್ನ ಹಾಗೆ ಹೋದೆನೋ, ಲೆಕ್ಕವಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಂಜಿನಮ್ಮನ ತಮ್ಮನ ಮದುವೆ ಬಂತು. ಮೂವರೂ ಹೊರಟರು. ಹೊರಡುವಾಗ ನನ್ನ ಬಳಿ ಬಂದು, "ಅಕ್ಕ, ಹೋಗ್ಬಿಟ್ಟು ಬತ್ತೀನಿ. ಗಾಳಿಗೆ ಬಟ್ಟೆ ಏನಾದ್ರೂ ಸಡಿಲ ಆದ್ರೆ ಒಸಿ ಬಿಗಿದ್ಬುಡು. ಸೊಳ್ಳೆ ಮೊಟ್ಟೆ ಇಕ್ತಾವೆ," ಎಂದಳು.

"ನನಗೇನು ಬೇರೆ ಕೆಲಸವಿಲ್ವಾ?" ಎಂದೆ.

ಅವಳ ಬಸ್ಸು ಊರು ದಾಟಿತೋ ಇಲ್ಲವೋ, ನಾನು ಮೂಲೆಯ ಡ್ರಮ್ಮಿನ ಬಟ್ಟೆ ಕಿತ್ತೆ. ಇನ್ನು ಯಾರ ಭಯ? ದಿನವೂ ಕಟ್ಟುವುದು, ಬಿಚ್ಚುವುದು, ಒದ್ದೆ ಟ್ಯೂಬಿನಲ್ಲಿ ಬೆರಳು ಸಿಕ್ಕಿಸಿಕೊಳ್ಳುವುದು — ಯಾರಿಗೆ ಬೇಕು. ಆ ಬಟ್ಟೆಯನ್ನು ಒಲೆಕಟ್ಟೆ ಒರೆಸಲು ಇಟ್ಟುಕೊಂಡೆ. ಬೇಳೆಗೆ, ಕಾಫಿಗೆ, ತಲೆಗೆ, ಕೊನೆಗೆ ನನ್ನ ರೇಷ್ಮೆ ಸೀರೆ ಜಾಲಿಸುವುದಕ್ಕೂ ಅದೇ ನೀರು. ಅತ್ತೆಗೆ ಮಂಡಿನೋವು, ಆ ಇಕ್ಕಟ್ಟಿನ ಸಂದಿಗೆ ಬರುತ್ತಿರಲಿಲ್ಲ. ಡ್ರಮ್ಮು ಹಗಲೂ ರಾತ್ರಿ ಬಾಯಿ ತೆರೆದುಕೊಂಡು ನಿಂತಿತ್ತು.

ಅಷ್ಟರಲ್ಲಿ ಊರಿಗೆ ಆ ಜ್ವರ ಬಂತು. ಚಿಕುನ್‌ಗುನ್ಯಾ ಎಂಬ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು. ಮೈಕೈ ಕಟ್ಟಿಹಾಕಿದಂತೆ ಆಗುತ್ತದೆ, ನಡೆಯುವವರು ತೆವಳುತ್ತಾರೆ, ಸೊಳ್ಳೆಯಿಂದ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಅಂಜಿನಮ್ಮ ನಾಳೆ ಬರುತ್ತಾಳೆಂದು ಫೋನು ಬಂದ ಸಂಜೆ, ಆ ಬಟ್ಟೆಯನ್ನು ಸೋಪು ಹಾಕಿ ಒಗೆದು ಸಂದಿಗೆ ಹೋದೆ. ನೀರು ಅರ್ಧಕ್ಕಿಂತ ಕೆಳಗಿಳಿದಿತ್ತು. ಬಗ್ಗಿ ನೋಡಿದೆ. ಸಣ್ಣ ಸಣ್ಣ ಹುಳುಗಳು ಬಾಲ ಬಡಿಯುತ್ತ ಮೇಲೆ ಕೆಳಗೆ ಆಡುತ್ತಿದ್ದವು. ಅವು ಏನೆಂದು ನನಗೆ ಗೊತ್ತಿತ್ತು. ಇದನ್ನು ನಾನು ಎಷ್ಟೋ ವರ್ಷ ನನಗೇ ಒಪ್ಪಿಕೊಂಡಿರಲಿಲ್ಲ — ಗೊತ್ತಿತ್ತು. ಡ್ರಮ್ಮನ್ನು ಉರುಳಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಉರುಳಿಸಿದರೆ ನೀರೆಲ್ಲಿ ಹೋಯಿತೆಂದು ಅವಳು ಕೇಳುತ್ತಾಳೆ. ಕೇಳಿದರೆ ನಾನು, ಡ್ರಮ್ಮಮ್ಮನಿಗೆ, ಉತ್ತರ ಕೊಡಬೇಕು. ಬಟ್ಟೆ ಹೊದಿಸಿದೆ. ಟ್ಯೂಬು ಬಿಗಿದೆ. ಅವಳು ಕಟ್ಟುತ್ತಿದ್ದ ಹಾಗೆಯೇ, ಎರಡು ಸುತ್ತು.

ಅವಳು ಬಂದ ಕೆಲವೇ ದಿನಗಳಲ್ಲಿ ಅತ್ತೆ ಮಲಗಿದರು. ಬೆಳಗ್ಗೆ ಎದ್ದವರು ಲೋಟ ಹಿಡಿಯಲಾರದೆ ಕೈಬಿಟ್ಟರು. ಬೆರಳುಗಳು ಊದಿಕೊಂಡು ಮಡಚಿಕೊಂಡವು. ಪದ್ಮಾವತಮ್ಮನ ಗಂಡ ಮಲಗಿದ, ಎದುರುಮನೆಯಲ್ಲಿ ಮೂವರು ಮಲಗಿದರು. ಆಗ ಮುನಿಸಿಪಾಲಿಟಿಯವರು ಮನೆಮನೆಗೆ ಬಂದು ತೊಟ್ಟಿ, ಕೊಡ ಎಲ್ಲವನ್ನೂ ಟಾರ್ಚು ಬಿಟ್ಟು ನೋಡತೊಡಗಿದರು. ನಮ್ಮ ಸಂದಿಗೆ ಬಂದ ಹೆಂಗಸು ಮೊದಲ ಎರಡು ಡ್ರಮ್ಮು ನೋಡಿ ತಲೆಯಾಡಿಸಿದಳು, ಅವು ಚೊಕ್ಕಟವಾಗಿದ್ದವು. ಮೂಲೆಯದರ ಬಟ್ಟೆ ಸರಿಸುತ್ತಿದ್ದಂತೆ ಒಳಗಿನಿಂದ ಸೊಳ್ಳೆಗಳ ಹಿಂಡು ಎದ್ದು ಆಕೆಯ ಮುಖಕ್ಕೇ ಬಡಿಯಿತು.

"ಎವರಿದಮ್ಮಾ ಈ ಡ್ರಮ್ಮು?" ಎಂದು ಆಕೆ ತೆಲುಗಿನಲ್ಲಿ ಕೂಗಿದಳು. ಯಾರದೆಂದು ಹೇಳಲು ಅರ್ಧ ಬೀದಿ ನಮ್ಮ ಅಂಗಳಕ್ಕೆ ಬಂತು. ಬಂದವರ ಮನೆಯಲ್ಲೆಲ್ಲ ಮುಚ್ಚಳವಿಲ್ಲದ ತೊಟ್ಟಿಗಳಿದ್ದವು, ಮಾಳಿಗೆಯ ಮೇಲೆ ಹಳೆಯ ಟೈರು, ಒಡೆದ ಕುಂಡಗಳಿದ್ದವು. ಆದರೆ ತಪ್ಪಿತಸ್ಥಳು ಸಿಕ್ಕಿದ ಸಂತೋಷ ಅವರ ಮುಖದಲ್ಲಿ — ಜ್ವರದಿಂದ ನರಳುತ್ತಿದ್ದವರೂ ಗೋಡೆ ಹಿಡಿದುಕೊಂಡು ಬಂದಿದ್ದರು. ಅತ್ತೆಯನ್ನು ಅಂಗಳದ ಮಂಚದ ಮೇಲೆ ಬಿಸಿಲಿಗೆ ಮಲಗಿಸಿದ್ದೆವು.

ಅಂಜಿನಮ್ಮ ಬೆವರುತ್ತ ನಿಂತಿದ್ದಳು. "ನಾನು ಬಿಗಿಯಾಗಿ ಕಟ್ಟಿ ಹೋಗಿದ್ದೆ ಕಣತ್ತೆ. ಬಿಚ್ಚದೆ ಸೊಳ್ಳೆ ಎಂಗೆ ಹೋಯ್ತಾವೆ? ಅಕ್ಕ ಮನೇಲೇ ಇದ್ಲಲ್ಲ, ಅಕ್ಕನ್ನ ಕೇಳಿ." ನನ್ನ ಕಡೆ ತಿರುಗಿದಳು. "ಅಕ್ಕ, ಯಾರಾದ್ರೂ ಬಿಚ್ಚಿದ್ರಾ? ನೀನು ನೋಡಿದ್ಯಾ?"

ಅವಳ ಕಣ್ಣಲ್ಲಿ ನನ್ನ ಮೇಲೆ ಅನುಮಾನವಿರಲಿಲ್ಲ. ಸಾಕ್ಷಿ ಹೇಳಲೆಂದು ನನ್ನನ್ನು ಕರೆಯುತ್ತಿದ್ದಳು.

"ನಾನು ಆ ಕಡೆ ಹೋಗೋದೇ ಇಲ್ಲ," ಎಂದೆ.

ಎಲ್ಲರೂ ನಂಬಿದರು. ಏಕೆ ನಂಬಬಾರದು? ಆ ನೀರಿಗೆ ನಾನು ಎಷ್ಟು ಹೇಸುತ್ತಿದ್ದೆನೆಂದು ಬೀದಿಗೆಲ್ಲ ಗೊತ್ತಿತ್ತಲ್ಲ. ನನ್ನ ಕೊಬ್ಬೇ ನನಗೆ ಸಾಕ್ಷಿಯಾಯಿತು. ಗಂಡಸರು ಮೂರೂ ಡ್ರಮ್ಮುಗಳನ್ನು ಒದ್ದು ಉರುಳಿಸಿದರು. ಚೊಕ್ಕಟವಾಗಿದ್ದ ಎರಡನ್ನೂ. ಒಂದು ಮಳೆಗಾಲದ ನೀರು ಅತ್ತೆಯ ಮಂಚದ ಕಾಲುಗಳ ನಡುವೆ ಹರಿದು ಬೀದಿಗೆ ಹೋಯಿತು. ಅತ್ತೆ ಅಂಜಿನಮ್ಮನನ್ನು ನೋಡಿ, "ನಿನ್ನನ್ನ ಮಗಳು ಅಂದ್ಕೊಂಡಿದ್ದೆ. ನನ್ನ ಕೈ ತೆಗೆದ್ಬಿಟ್ಟೆ. ಕಣ್ಮುಂದೆ ನಿಲ್ಬ್ಯಾಡ ಹೋಗು," ಎಂದರು.

ಊರಿಗೆ ಊರೇ ಮಲಗಿತ್ತು, ಅತ್ತೆಯನ್ನು ಕಚ್ಚಿದ ಸೊಳ್ಳೆ ನಮ್ಮ ಡ್ರಮ್ಮಿನದೇ ಎಂದು ಯಾರು ಹೇಳಬಲ್ಲರು — ಈ ಮಾತನ್ನು ನಾನು ವರ್ಷಗಟ್ಟಲೆ ನನ್ನೊಳಗೇ ಹೇಳಿಕೊಂಡೆ. ಇರಬಹುದು. ಆದರೆ ಈ ಮಾತನ್ನು ಅಂದು ಅಂಗಳದಲ್ಲಿ ಅಂಜಿನಮ್ಮನ ಪರವಾಗಿ ಹೇಳಬಹುದಿತ್ತಲ್ಲ? ನನ್ನನ್ನು ಬಿಡಿಸಿಕೊಳ್ಳಲು ಹೊಳೆದದ್ದು ಅವಳನ್ನು ಬಿಡಿಸಲು ಹೊಳೆಯಲಿಲ್ಲ.

ತಿಂಗಳೊಳಗೆ ಅವರು ಮನೆ ಬಿಟ್ಟರು. ನಾಗರಾಜು ಮೋಟಾರು ರಿಪೇರಿ ಬಲ್ಲವನು, ಕಲ್ಯಾಣದುರ್ಗದಲ್ಲಿ ಅಂಗಡಿ ಹಾಕಿದ. ಆ ಸುತ್ತಿನಲ್ಲಿ ಬೋರುಗಳಿಗೇನು ಕಡಿಮೆ, ಬದುಕಿಕೊಂಡರು. ಹಿಂದಿನ ಎರಡು ಕೋಣೆಗಳು ನನಗೆ ಬಂದವು.

ಅತ್ತೆಯ ಜ್ವರ ಇಳಿಯಿತು. ಬೆರಳುಗಳು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಮುದ್ದೆ ಮುರಿಯಲಾರರು, ಕೂದಲು ಗಂಟುಹಾಕಲಾರರು. ನಾನೇ ತುತ್ತು ಮಾಡಿ ಉಣ್ಣಿಸುತ್ತಿದ್ದೆ. ಪದ್ಮಾವತಮ್ಮ ಬಂದು ನೋಡಿ, "ಸೊಸೆ ಅಂದ್ರೆ ನೀನಮ್ಮ," ಎನ್ನುತ್ತಿದ್ದಳು. ನೆಂಟರ ಮನೆಯ ಮದುವೆಗಳಲ್ಲಿ ನನ್ನನ್ನು ತೋರಿಸಿ ತಮ್ಮ ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ನಾಚಿಕೆಯಿಂದ ಎಂದುಕೊಂಡೀರಿ. ಅಲ್ಲ. ಹೊಗಳಿಕೆ ಕೇಳುವಾಗ ಹಾಗೆ ನಿಲ್ಲಬೇಕೆಂದು ಗೊತ್ತಿತ್ತು.

ಕೆಲವು ವರ್ಷಗಳ ಮೇಲೆ ಅತ್ತೆ ಸಾಯಲು ಬಿದ್ದಾಗ ಅಂಜಿನಮ್ಮ ಎರಡು ಬಸ್ಸು ಬದಲಿಸಿ ಬಂದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಬಾಯಿಗೆ ನೀರು ಬಿಡುವ ಹೊತ್ತಿಗೆ ಅವಳೂ ಒಂದು ಚಮಚ ಹಿಡಿದು ಬಗ್ಗಿ, "ಅತ್ತೆ, ನಾನು ಅಂಜಿನಿ," ಎಂದಳು. ಅತ್ತೆಗೆ ಅಷ್ಟು ಪ್ರಜ್ಞೆಯಿತ್ತು. ತುಟಿ ಬಿಗಿದುಕೊಂಡರು. ಮುಖ ಗೋಡೆಯ ಕಡೆ ತಿರುಗಿಸಿದರು. ನೀರು ಕೆನ್ನೆಯ ಮೇಲಿಂದ ದಿಂಬಿಗೆ ಇಳಿಯಿತು. ನಾನು ಅವಳ ಕೈಯಿಂದ ಆ ಚಮಚ ತೆಗೆದುಕೊಂಡೆ. ನನ್ನ ಕೈಯ ನೀರನ್ನು ಅತ್ತೆ ಕುಡಿದರು.

ಆಗ ಹೇಳಬಹುದಿತ್ತು. ಅತ್ತೆಯ ಕಿವಿ ನನ್ನ ಬಾಯಿಗೆ ಅಷ್ಟು ಹತ್ತಿರವಿತ್ತು. ಆದರೆ ಕೋಣೆಯ ತುಂಬ ಜನ. ನೆಂಟರು. ಪದ್ಮಾವತಮ್ಮ. —

ಕೊನೆಗೆ ನನ್ನನ್ನು ಅಲ್ಲಾಡಿಸಿದ್ದು ಅತ್ತೆಯ ಸಾವೂ ಅಲ್ಲ. ಶೈಲಜಳಿಗೆ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗನ ತಾಯಿ ಪದ್ಮಾವತಮ್ಮನ ನೆಂಟರ ಪೈಕಿಯವಳು, ವಿಚಾರಿಸಲು ಅವಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು. "ಹುಡುಗಿ ತಾಯಿ ಎಂಥವಳು?" ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಪದ್ಮಾವತಮ್ಮ, "ಗಲೀಜು ಹೆಂಗಸು ಕಣಮ್ಮ. ಅತ್ತೇನ ಹಾಸಿಗೆ ಹಿಡಿಸಿದವಳು. ಈ ಪುಣ್ಯಾತ್ಗಿತ್ತಿ ಇದ್ದಿದ್ದಕ್ಕೆ ಆ ಮುದುಕಿ ಬದುಕಿತು," ಎಂದಳು. ಇಬ್ಬರೂ ನನ್ನ ಮುಖ ನೋಡಿದರು.

"ಕಾಫಿಗೆ ಸಕ್ಕರೆ ಸಾಕಾ?" ಎಂದೆ ನಾನು.

ಸಂಬಂಧ ಮುರಿಯಿತು. ಡ್ರಮ್ಮು ಉರುಳಿದಾಗ ಆ ಹುಡುಗಿ ಶಾಲೆಗೆ ಹೋಗುತ್ತಿದ್ದ ಮಗು. ನನ್ನ ಸುಳ್ಳು ಅವಳ ಜೊತೆಗೇ ಬೆಳೆದು ಮದುವೆಯ ವಯಸ್ಸಿಗೆ ಬಂದಿತ್ತು. ನಾನು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಪೇಪರು ಮಡಚದೆಯೇ, "ಈಗ ಅದನ್ನ ಎತ್ತಿ ಯಾರಿಗೇನು ಬರ್ತದೆ? ಸುಮ್ನಿರು," ಎಂದರು. ಒಡಹುಟ್ಟಿದ ತಮ್ಮನ ಸಂಸಾರದ ಮಾತು! ಇಂಥವರ ಜೊತೆ ಇಷ್ಟು ಕಾಲ ಹೇಗೆ ಬಾಳಿದೆ ಎಂದು ಹೇಸಿಕೆಯಾಯಿತು. ಆಮೇಲೆ ಹೊಳೆಯಿತು, ಬಾಳಿದ್ದು ಕಷ್ಟವೇ ಆಗಿರಲಿಲ್ಲ. ಅವರು ನನಗೆ ತಕ್ಕ ಗಂಡ.

ಕಲ್ಯಾಣದುರ್ಗಕ್ಕೆ ಹೋದೆ. ಮೋಟಾರು ಅಂಗಡಿಯ ಹಿಂದೆಯೇ ಮನೆ. ಅಂಜಿನಮ್ಮ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಹಿಂದಿನ ದಿನ ಮಳೆಯಾಗಿತ್ತು, ಮಾಳಿಗೆಯಿಂದ ಇನ್ನೂ ನೀರು ತೊಟ್ಟಿಕ್ಕಿ ನೇರ ಚರಂಡಿಗೆ ಹೋಗುತ್ತಿತ್ತು. ಕೆಳಗೆ ಒಂದು ಬಕೆಟ್ಟೂ ಇಟ್ಟಿರಲಿಲ್ಲ. ಮೂಲೆಯಲ್ಲಿ ದುಡ್ಡು ಕೊಟ್ಟು ತಂದ ಕ್ಯಾನಿನ ನೀರಿತ್ತು. ನಾನು ಆ ಕಡೆ ನೋಡುವುದನ್ನು ಕಂಡು ಶೈಲಜ, "ಅಮ್ಮ ಮಳೆ ನೀರು ಹಿಡಿಯಾಕೆ ಬಿಡಲ್ಲ ದೊಡ್ಡಮ್ಮ," ಎಂದು ಒಳಗೆ ಹೋದಳು.

ನಾನು ಎಲ್ಲವನ್ನೂ ಹೇಳಿದೆ. ಬೇಳೆ, ಬಟ್ಟೆ, ಒಲೆಕಟ್ಟೆ, ಹುಳು. ಅವಳ ಕೈ ಒಂದು ಸಲವೂ ನಿಲ್ಲಲಿಲ್ಲ. ನನಗೆ ಅಳು ಬಂತು. ಬಗ್ಗಿ ಅವಳ ಕಾಲು ಹಿಡಿದೆ.

"ಕಾಲು ಬುಡು," ಎಂದಳು. ಮೊರದಿಂದ ಸಿಪ್ಪೆ ಕೇರಿ ಪಕ್ಕಕ್ಕಿಟ್ಟಳು. "ಇದನ್ನ ನಂಗ್ಯಾಕಕ್ಕ ಹೇಳ್ತೀಯ? ನಾನು ಕಟ್ಟೋಗಿದ್ದೆ ಅಂತ ನಂಗೆ ಗೊತ್ತಿರೋದೇ. ಗೊತ್ತಿಲ್ದೋರಿಗೆ ಹೋಗಿ ಹೇಳು."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನ್ನನ್ನು ಒಬ್ಬ ಮನುಷ್ಯಳೆಂದು ಲೆಕ್ಕಕ್ಕೆ ತೆಗೆದುಕೊಂಡಂತಾಗುತ್ತಿತ್ತು. "ಸಂಜೆ ಮ್ಯಾಲೆ ಬಸ್ಸಿಲ್ಲ, ಹೊರಡು," ಎಂದು ಎದ್ದು ಒಳಗೆ ಹೋದಳು.

ಹಿಂದಿರುಗಿದ ಮರುದಿನ ಮೊದಲು ಪದ್ಮಾವತಮ್ಮನ ಮನೆಗೆ ಹೋದೆ. ಹೇಳಿದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದಳು. "ಎಂಥಾ ಮನಸ್ಸಮ್ಮ ನಿಂದು! ಆ ಹುಡುಗಿ ಮದುವೆ ಆಗ್ಲಿ ಅಂತ ಅವರಮ್ಮನ ಪಾಪಾನ ನಿನ್ನ ತಲೆ ಮೇಲೆ ಹಾಕ್ಕೊಂತಿದ್ದೀಯಲ್ಲ." ನಾನು ಇಲ್ಲವೆಂದೆ. ಆಣೆ ಮಾಡಿದೆ. ನಾನು ಹೆಚ್ಚು ಹೇಳಿದಷ್ಟೂ ಆಕೆ ಹೆಚ್ಚು ಕರಗಿದಳು. ಸಂಜೆಯೊಳಗೆ ನನ್ನ ದೊಡ್ಡತನದ ಕತೆ ಬೀದಿಯ ಕೊನೆಯ ಮನೆಯನ್ನು ಮುಟ್ಟಿತ್ತು. ಹುಡುಗನ ತಾಯಿಯನ್ನೂ ಹುಡುಕಿಕೊಂಡು ಹೋದೆ. ಅಲ್ಲಿ ಬೇರೆ ಹುಡುಗಿಯ ಜೊತೆ ನಿಶ್ಚಿತಾರ್ಥವಾಗಿತ್ತು. ಆಕೆ ನನಗೆ ಕುಂಕುಮ ಕೊಟ್ಟು ಕಳಿಸಿದಳು.

ಒಳ್ಳೆಯವಳೆಂಬ ಹೆಸರನ್ನು ಗಳಿಸಲು ನನಗೆ ಒಂದು ಸುಳ್ಳು ಸಾಕಾಯಿತು. ಕಳೆದುಕೊಳ್ಳಲು ಎಷ್ಟು ನಿಜ ಬೇಕೋ — ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಕಣ್ಣೀರಿಗೆ ಎಡೆಗೊಡದೆ, ಯಾರೂ ಇದನ್ನು ತ್ಯಾಗವೆಂದು ತಿಳಿಯದ ಹಾಗೆ. ನಮ್ಮ ಬೀದಿಯವರು ನಂಬುವವರೆಗೆ, ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವವರೆಗೆ ಹೇಳುತ್ತಲೇ ಇರುತ್ತೇನೆ. ನಾಳೆ ಎದುರುಮನೆ. ನಾಡಿದ್ದು ಅದರ ಪಕ್ಕದ್ದು.

ಅತ್ತೆಯೊಬ್ಬರಿಗೆ ಮಾತ್ರ ಇನ್ನು ಹೇಳಲಾಗುವುದಿಲ್ಲ. ಅವರು ಮುಖ ತಿರುಗಿಸಬೇಕಾಗಿದ್ದದ್ದು ನನ್ನ ಚಮಚದಿಂದ.